ಬ್ರಹ್ಮಾಂಡಕ್ಕೆ ನಡುವಿಲ್ಲ, ವೀಳ್ಯಕ್ಕೆ ಸರದಿ ಐತಿ

‘ಇದೇನ್ರಿ, ಅತಿಥಿಗಿಂತ ಮೊದಲ ಮತ್ತೊಬ್ರಿಗೆ ವೀಳ್ಯ?’ ಎಂದು ಪ್ರೊಫೆಸರರು ಗುಡುಗಿದಾಗ ಎಲೆ-ಅಡಿಕೆಯ ತಟ್ಟೆ ನನ್ನ ಕೈಯಲ್ಲೇ ಇತ್ತು. ಏಕೀಕರಣವಾದ ಹೊಸತು. ಆ ಹುರುಪಿನಲ್ಲಿ ಬೆಟಗೇರಿಯ ನೇಕಾರ ಓಣಿಯವರಾದ ನಾವು ಧಾರವಾಡದಿಂದ ಅವರನ್ನು ಕರೆಸಿ, ಬ್ರಹ್ಮಾಂಡದ ಮೇಲೆ ಭಾಷಣ ಇಡಿಸಿದ್ದೆವು.

ಭಾಷಣವೇನೋ ಭರ್ಜರಿಯಾಗಿತ್ತು. ನಕ್ಷತ್ರಗಳು ಲೆಕ್ಕಕ್ಕೆ ಸಿಗುವಂಥವಲ್ಲ, ಅವು ಹುಟ್ಟಿದ ಬಗೆ ದೊಡ್ಡ ದೊಡ್ಡವರಿಗೇ ತಿಳಿದಿಲ್ಲ, ಭೂಮಿ ಅದರೊಳಗೊಂದು ಧೂಳಿನ ಕಣ, ಬ್ರಹ್ಮಾಂಡಕ್ಕೆ ನಡು ಅನ್ನುವುದೇ ಇಲ್ಲ, ಹೀಗಿರುವಾಗ ಮನುಷ್ಯನಿಗೆ ಅಹಂಕಾರ ಯಾಕೆ ಎಂದು ಅವರು ಕೇಳಿದಾಗ, ಮಗ್ಗ ನಿಲ್ಲಿಸಿ ಬಂದಿದ್ದ ಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಮುಂದಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಓಣಿಯ ಹಿರಿಯರೂ ಎಚ್ಚತ್ತು ತಟ್ಟಿದರು. ಯಾವುದೇ ಸಭೆಯಿರಲಿ, ಮೊದಲ ವೀಳ್ಯ ಓಣಿಯ ಹಿರಿಯರಿಗೇ ಸಲ್ಲಬೇಕು ಎನ್ನುವುದು ನಮ್ಮಲ್ಲಿ ಅಜ್ಜನ ಕಾಲದ ರಿವಾಜು. ಹಾಗೆಯೇ ಕೊಟ್ಟೆ. ಪ್ರೊಫೆಸರರ ಮುಖ ಕೆಂಪಾಯಿತು.

ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತ ಸಾವಕಾಶ ಅಂದರು: ‘ಬ್ರಹ್ಮಾಂಡಕ್ಕ ನಡು ಇಲ್ಲ ಅಂದ್ರಿ, ಆತು, ಒಪ್ಪಿದ್ವಿ. ಆದ್ರ ಈ ಓಣಿಗೆ ಐತ್ರಿ. ಅಲ್ಲೇ ನಾ ಕುಂತೀನಿ.’

ಪ್ರೊಫೆಸರರು ವೀಳ್ಯ ಮುಟ್ಟದೆ ಟಾಂಗಾ ಹತ್ತಿ ಗದಗ ಸ್ಟೇಷನ್ನಿಗೆ ಹೊರಟೇಬಿಟ್ಟರು.

ಮನುಷ್ಯ ಎಷ್ಟು ಸಣ್ಣವ ಎನ್ನುವ ಮಾತಿಗೆ ಇಂದಿಗೂ ಎಲ್ಲ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ತಟ್ಟುವವರೆಲ್ಲ ಪಕ್ಕದವನನ್ನು ನೋಡುತ್ತಲೇ ತಟ್ಟುತ್ತಾರೆ.