ಬಂದೋರ ಮನೆಗೆ ಕೊನೆಯ ವೀಳ್ಯ

ಹೋದ ಭಾನುವಾರ, ಶ್ರೀರಾಂಪುರದ ಪಕ್ಕದ ನಮ್ಮೂರಲ್ಲಿ ಒಂದು ಮದುವೆ. ಊಟ ಮುಗಿದು ವೀಳ್ಯ ಕೊಡುವ ಹೊತ್ತು. ಗೌಡರು ತಟ್ಟೆ ಹಿಡಿದು ಒಂದೊಂದೇ ಮನೆಯ ಹೆಸರು ಕೂಗುತ್ತಾರೆ. ಹಳೆಯ ಮನೆಗಳು ಮೊದಲು. ಎಲ್ಲರದೂ ಆದ ಮೇಲೆ ನಮ್ಮದು.

"ಬಂದೋರ ಮನೆ!"

ಹೊಸದುರ್ಗದಿಂದ ಬಂದಿದ್ದ ಮೊಮ್ಮಗಳು ಸಿಂಧು ಸೆರಗು ಎಳೆದಳು. "ಅಜ್ಜಿ, ಹಂಗ್ಯಾಕೆ ಕರೀತಾರೆ? ನಾನು ಬಸ್ಸಲ್ಲಿ ಬಂದಿದ್ದಕ್ಕಾ?"

ಅಲ್ಲಿ ಅವಳಿಗೆ ಹೇಳಲು ಹೊತ್ತಿರಲಿಲ್ಲ, ಈಗ ನಿಮಗೆಲ್ಲ ಹೇಳುತ್ತೇನೆ.

ಮೊಮ್ಮಕ್ಕಳೇ, ನಿಮ್ಮ ತಾತನ ಅಪ್ಪ ಆಂಧ್ರದ ಕಡೆಯಿಂದ ಬಾವಿ ತೋಡಲು ಬಂದವರು. ತಾತ ಹುಟ್ಟಿದ್ದು ಇಲ್ಲೇ, ಗುಡಿಸಲಲ್ಲಿ. ತಾತನ ಕನ್ನಡದಲ್ಲಿ ಕೊನೆಯವರೆಗೂ ತೆಲುಗು ಇಣುಕುತ್ತಿತ್ತು. ಪಂಚಾಯ್ತಿಗೆ ನಿಂತಾಗ ಜನ ನಕ್ಕರು. ಎಂಎಲ್‌ಎ ಟಿಕೆಟ್ ಕೇಳಿದಾಗ "ಮೊದ್ಲು ನಿಂದು ಅಂತ ಒಂದು ಊರು ಮಾಡ್ಕಳಪ್ಪ" ಅಂದರು. ಪಕ್ಷೇತರರಾಗಿ ನಿಂತು ಸೋತರು. ಮತ್ತೆ ನಿಂತರು. ಗೆದ್ದರು!

ಗೆದ್ದ ವರ್ಷ ವೀಳ್ಯ ಮೊದಲು ನಮಗೇ ಬಂತು. "ಎಂಎಲ್‌ಎ ಸಾಹೇಬ್ರು!" ತಾತ ಏಳಲಿಲ್ಲ. "ಅದು ಕುರ್ಚಿಗೆ ಕೊಡೋ ವೀಳ್ಯ ಕಣ್ರಿ. ಸೋತಾಗ್ಲೂ ಹಿಂಗೇ ಕರೀರಿ, ತಗಂತೀನಿ" ಅಂದರು.

ಹಳ್ಳಿಗಳಿಗೆ ಬಸ್ಸು ತಂದರು, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕಟ್ಟಿಸಿದರು. ಮುಂದಿನ ಎಲೆಕ್ಷನ್‌ನಲ್ಲಿ ಸೋತರು. ವೀಳ್ಯ ಮತ್ತೆ ಕೊನೆಗೆ ಹೋಯಿತು.

ನಾನು ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. (ಅವರು ಎಂಎಲ್‌ಎ ಆಗಿದ್ದಾಗಲೂ ನಾನು ಸ್ಟೇಜ್ ಹತ್ತಲಿಲ್ಲ.) ಆದರೆ ಸಿಂಧು ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಸುಮ್ಮನಿದ್ದರೆ ಅವಳೂ ಜೀವಮಾನವಿಡೀ 'ಬಂದೋಳು'.

ಎದ್ದು ನಿಂತೆ.

"ಗೌಡ್ರೇ, ನಮ್ಮನೆಗೂ ಯಜಮಾನ್ರ ಹೆಸರೈತೆ. ಅದನ್ನ ಹಿಡ್ದು ಕರೀರಿ."

"ಹೌದೇನಮ್ಮ? ಏನದು ಹೆಸ್ರು? ನೀನೇ ಹೇಳು, ಕೂಗ್ತೀನಿ" ಎಂದು ಗೌಡರು ಮೀಸೆಯಲ್ಲೇ ನಕ್ಕರು. ಚಪ್ಪರವೆಲ್ಲ ನಕ್ಕಿತು. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದುಂಟೇ? ಹೇಳಲಾರಳು ಎಂದೇ ಕೇಳಿದ್ದು.

"ಓಬಳಯ್ಯ" ಎಂದೆ. ದನಿ ಸಾಲಲಿಲ್ಲವೇನೋ ಅನ್ನಿಸಿ ಇನ್ನೊಮ್ಮೆ, ಜೋರಾಗಿ, "ಓಬಳಯ್ಯನ ಮನೆ!"

ನಗು ನಿಂತಿತು. ಗೌಡರು ಎಲೆ ಅಡಿಕೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೂಗಿದರು. ಮೆಲ್ಲಗೇ ಕೂಗಿದರು, ಆದರೂ ಎಲ್ಲರಿಗೂ ಕೇಳಿತು. ವೀಳ್ಯ ತರಲು ಸಿಂಧುವನ್ನೇ ಕಳಿಸಿದೆ.

"ಥೂ, ಗಂಡನ ಹೆಸ್ರು ಹೇಳಿದ್ರೆ ಅವನ ಆಯಸ್ಸು ಕಮ್ಮಿ ಆಗ್ತೈತೆ ಕಣೇ" ಎಂದು ಹಿಂದೆ ಕೂತಿದ್ದ ಬೇರೂರಿನ ಅಜ್ಜಿಯೊಬ್ಬರು ಗದರಿದರು.

ನಿಮ್ಮ ತಾತ ಹೋಗಿ ಎಷ್ಟು ಕಾಲವಾಯಿತು. ಇನ್ನು ಯಾರ ಆಯಸ್ಸಿಗೆ ನಾನು ಹೆದರಲಿ?