ಬಾಟಲ್ ಪಾಮ್ ಸಾಲಿಗೆ ನೀರು ಹಾಕಿದವರು

ಮೊದಲೇ ಹೇಳಿಬಿಡುತ್ತೇನೆ. ಆ ರಾತ್ರಿ ನನಗೆ ಜ್ವರವಿರಲಿಲ್ಲ. ನಿದ್ದೆಗಣ್ಣೂ ಅಲ್ಲ. ಕೈಯಲ್ಲಿ ಸಲಿಕೆ ಇತ್ತು, ಪಕ್ಕದಲ್ಲಿ ಇನ್ನೊಬ್ಬರಿದ್ದರು. ನಗುವವರು ನಗಲಿ. ಮೂವತ್ತು ವರ್ಷದಿಂದ ನಗುತ್ತಲೇ ಇದ್ದಾರೆ. ನಾನು ಹೇಳುವುದರಲ್ಲಿ ಒಂದಕ್ಷರ ಬದಲಾಗಿಲ್ಲ.

ನನ್ನ ಹೆಸರು ಶಿವಲೀಲಾ. ತವರು ಅತನೂರು, ಕೊಟ್ಟ ಮನೆ ಜೇವರ್ಗಿ. ಸರ್ಕಾರಿ ನರ್ಸರಿಯೊಂದರಲ್ಲಿ ಆರು ವರ್ಷ ದಿನಗೂಲಿ ಮಾಡಿ, ಚೀಲಕ್ಕೆ ಮಣ್ಣು ತುಂಬುವುದರಿಂದ ಹಿಡಿದು ಕಸಿ ಕಟ್ಟುವವರೆಗೆ ಎಲ್ಲ ಕಲಿತವಳು. ನನ್ನ ಕೈಯಲ್ಲಿ ನೆಟ್ಟದ್ದು ಸಾಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ನನಗೂ ಅದರ ಸೊಕ್ಕಿತ್ತು. ಸುಳ್ಳು ಯಾಕೆ ಹೇಳಲಿ?

ತೊಂಬತ್ತರ ದಶಕದ ಶುರುವಿನಲ್ಲಿ, ಜೇವರ್ಗಿಯಿಂದ ನೆಲೋಗಿ ಕಡೆ ಹೋಗುವ ದಾರಿಯಲ್ಲಿ, ತೊಗರಿ ಹೊಲಗಳ ನಡುವೆ ಒಬ್ಬ ಸಾವಕಾರರು ರಿಸಾರ್ಟ್ ಕಟ್ಟಿಸಿದರು. ಗೋವಾ ನೋಡಿ ಬಂದಿದ್ದರಂತೆ. ಅಲ್ಲಿ ಕಂಡದ್ದೆಲ್ಲ ಇಲ್ಲೂ ಬೇಕು. ಆರು ಕೋಣೆ, ಒಂದು ಕಾರಂಜಿ, ಹುಲ್ಲುಹಾಸು. ಲಾರಿಯಲ್ಲಿ ಗಿಡಗಳು ಬಂದವು. ಕೆಂಪು-ಹಳದಿ ಕ್ರೋಟನ್, ಬೀಸಣಿಗೆಯಂಥ ಎಲೆಯ ಫ್ಯಾನ್ ಪಾಮ್, ಗಿಳಿಯ ಕೊಕ್ಕಿನಂಥ ಹೂ ಬಿಡುವ ಹೆಲಿಕೋನಿಯ. ಎಲ್ಲಕ್ಕಿಂತ ಹೆಚ್ಚಾಗಿ ಹನ್ನೆರಡು ಬಾಟಲ್ ಪಾಮ್. ಬುಡ ಹೂಜಿಯ ಹಾಗೆ ಉಬ್ಬಿ, ಮೇಲೆ ಹಸಿರು ಜುಟ್ಟು.

ಅವನ್ನು ಗೇಟಿನಿಂದ ಕಾರಂಜಿಯವರೆಗೆ ಒಂದೇ ಸಾಲಿನಲ್ಲಿ ನೆಟ್ಟವಳು ನಾನು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ, “ಈ ಎರಿ ಭೂಮ್ಯಾಗ ಇವೇನ್ ಬದಕ್ತಾವ ಬಿಡ್ರಿ” ಎಂದು ನಕ್ಕು ಹೋಗುತ್ತಿದ್ದರು. ಬದುಕಿಸಿ ತೋರಿಸುತ್ತೇನೆ ಎಂದು ಹಟ ಹಿಡಿದೆ. ಕುಣಿಯಲ್ಲಿ ಮರಳು, ಮೊರಂ ಗರಸು ಹಾಕಿ, ಬುಡ ಎತ್ತರಿಸಿ, ಸುತ್ತ ಪಾತಿ ಕಟ್ಟಿ, ಅಳತೆಯಲ್ಲಿ ನೀರು ಕೊಟ್ಟೆ. ಮೊದಲ ಬೇಸಿಗೆ ಹನ್ನೆರಡೂ ದಾಟಿದವು.

ಎರಡನೆಯ ವರ್ಷ ದೀಪಾವಳಿ ಮುಗಿದು ಚಳಿ ಬೀಳುವ ಹೊತ್ತಿಗೆ ಮೂರನೆಯ ಗಿಡದ ನಡುವಿನ ಸುಳಿ ಹಳದಿಯಾಯಿತು. ಹಿಡಿದು ಎಳೆದೆ. ಸಲೀಸಾಗಿ ಕೈಗೆ ಬಂತು. ತುದಿಯಲ್ಲಿ ಕೊಳೆತ ನಾತ...

ಬಗ್ಗಿ ನೋಡಿದರೆ ಪಾತಿಯಲ್ಲಿ ನೀರು ನಿಂತಿದೆ.

ನಾನು ನೀರು ಬಿಟ್ಟು ಎಂಟು ದಿನವಾಗಿತ್ತು. ಮಳೆ ಹೋಗಿ ತಿಂಗಳಾಗಿತ್ತು. ಪಾತಿಯನ್ನು ಬಳಿದು ಒಣಗಿಸಿದೆ. ಮರುದಿನ ಬೆಳಿಗ್ಗೆ ಮತ್ತೆ ತುಂಬಿತ್ತು. ಅದೊಂದೇ ಅಲ್ಲ, ಸಾಲಿನ ಹನ್ನೆರಡೂ. ಅದರ ಮರುದಿನವೂ ಹಾಗೇ. ಐದನೆಯ ಗಿಡದ ಸುಳಿಯೂ ಬಾಗಿತು.

ಸಾವಕಾರರು ಬಂದು ನೋಡಿದರು. ಕೆಲಸದವರೆಲ್ಲ ನಿಂತಿರುವಾಗಲೇ ಕೂಗಾಡಿದರು.

“ಲೀಲಾಬಾಯಿ, ಇಷ್ಟ್ ನೀರು ಯಾಕ ಬಿಡಾಕತ್ತಿ? ಗಿಡಾ ಕೊಲ್ಲಾಕ ಇಟ್ಟೇನೇನು ನಿನ್ನ?”

“ನಾ ಬಿಟ್ಟಿಲ್ರಿ ಸಾವಕಾರ್ರ. ಒಂದು ಕೊಡ ಸುದ್ದಾ ಹಾಕಿಲ್ಲ.”

“ಮತ್ತ ಮ್ಯಾಲಿಂದ ಬಿತ್ತೇನು? ಇನ್ನೊಂದು ಗಿಡ ಹೋತಂದ್ರ ನೀ ಬರೂದು ಬ್ಯಾಡ. ಹೆಣ್ಮಗಳ ಕೈಯಾಗ ತ್ವಾಟ ಕೊಟ್ಟಿದ್ದ ನಂದ ತಪ್ಪು.”

ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಕೈಗುಣದ ಮೇಲೆ ಮಾತು ಬಂದರೆ ಮತ್ತೆ ಯಾರು ಗಿಡ ಕೊಡುತ್ತಾರೆ? ರಾತ್ರಿ ಅಲ್ಲಿರುವವರು ಒಬ್ಬರೇ, ವಾಚ್‌ಮನ್ ಮೆಹಬೂಬ್ ಚಾಚಾ. ಆ ವಾರ ಯಾವ ಕೋಣೆಗೂ ಜನ ಬಂದಿರಲಿಲ್ಲ. ಸಂಜೆ ಗೇಟಿನ ಪಕ್ಕದ ಅವರ ಕೋಣೆಗೆ ಹೋಗಿ ನೇರ ಕೇಳಿದೆ.

“ಚಾಚಾ, ಖರೆ ಹೇಳ್ರಿ. ರಾತ್ರಿ ನೀವೇನರ ಪಾಮಿಗೆ ನೀರು ಹಾಕ್ತೀರೇನು?”

ಅವರು ರೇಡಿಯೋದ ದನಿ ಇನ್ನಷ್ಟು ಏರಿಸಿದರು. ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು.

“ನಾ ಅಲ್ಲ ಬೇಟಿ. ಖುದಾ ಕೀ ಕಸಂ... ಆದ್ರ ಸಪ್ಪಳ ಕೇಳೇನಿ.”

“ಏನ್ ಸಪ್ಪಳ?”

“ಕೊಡದ್ಲೆ ನೀರು ಸುರದಂಗ. ಗುಳು ಗುಳು... ಒಂದು ಗಿಡ ಆದ ಮ್ಯಾಲ ಮತ್ತೊಂದು. ಮೊದಲ ಎಂದರೊಮ್ಮೆ ಕೇಳ್ತಿತ್ತು, ಈಗ ದಿನಾ. ನನಗಿಂತ ಮೊದಲ ಇದ್ದ ಇಬ್ಬರು ಅದಕ್ಕ ಬಿಟ್ಟು ಹೋದ್ರು. ಈ ವಯಸ್ಸಿನ್ಯಾಗ ನಾ ಎಲ್ಲಿ ಹೋಗ್ಲಿ? ರೇಡಿಯೋ ಹಚ್ಚಿ ಬಾಗಲಾ ಹಾಕ್ಕೊಂಡು ಕೂಡ್ತೇನಿ.”

“ಹೊರಗ ಬಂದು ನೋಡಿಲ್ಲೇನು?”

“ನೋಡಿ ಏನ್ ಮಾಡ್ಲಿ?”

“ನೀವು ನೋಡಬ್ಯಾಡ್ರಿ. ನಾ ನೋಡ್ತೇನಿ.”

ಯಾರೋ ನನ್ನ ಹೆಸರು ಕೆಡಿಸಲು ಮಾಡುತ್ತಿರುವ ಕಿತಾಪತಿ ಎಂದೇ ನಾನು ತಿಳಿದಿದ್ದೆ. ಮನೆಗೆ ಹೋಗಿ ಅತ್ತೆಗೆ ಹೇಳಿ ಬಂದೆ. ನೀರಿನ ಪೈಪು, ಕೊಡ, ಬಕೆಟ್ಟು, ಉಳಿದ ಸಲಿಕೆಗಳು ಎಲ್ಲವನ್ನೂ ಸ್ಟೋರಿನಲ್ಲಿ ಹಾಕಿ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೋಟಾರು ಕೋಣೆಯ ಕೀಲಿ ಸಾವಕಾರರ ಮನೆಯಲ್ಲಿತ್ತು. ಅಂದು ಕರೆಂಟೂ ಇರಲಿಲ್ಲ. ಒಂದು ಬ್ಯಾಟರಿ ಟಾರ್ಚು, ಒಂದು ಸಲಿಕೆ ಹಿಡಿದು ಚಾಚಾನ ಕೋಣೆಯ ಮೆಟ್ಟಿಲ ಮೇಲೆ ಕುಳಿತೆ.

ಕೊನೆಯ ಬಸ್ಸು ಹೋಯಿತು. ದೂರದಲ್ಲಿ ನಾಯಿಗಳು ಬೊಗಳಿ ಸುಮ್ಮನಾದವು.

ಗಾಳಿ ಇರಲಿಲ್ಲ. ಆದರೂ ಪಾಮ್ ಗರಿಗಳು ಸರಸರ ಎನ್ನತೊಡಗಿದವು. ಒಣ ಗರಿಗಳ ಸದ್ದು ಮಳೆಯ ಸದ್ದಿನಂತೆಯೇ ಇರುತ್ತದೆ, ಎಷ್ಟೋ ಸಲ ನಾನೇ ಮೋಸ ಹೋಗಿ ಆಕಾಶ ನೋಡಿದ್ದೇನೆ. ಆ ರಾತ್ರಿ ಆಕಾಶದ ತುಂಬ ಚುಕ್ಕಿ. ಕ್ರೋಟನ್‌ನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಗರಿಗಳು ಒಮ್ಮೆಲೇ ನಿಂತವು.

ಗುಳು... ಗುಳು... ಗುಳು...

ಮೊದಲ ಗಿಡದ ಬುಡದಲ್ಲಿ. ನನ್ನಿಂದ ಹದಿನೈದು ಹೆಜ್ಜೆ ದೂರ. ಕಿರಿದಾದ ಬಾಯಿಯ ಕೊಡ ಬಗ್ಗಿಸಿದಾಗ ಬರುವ ಸದ್ದು. ಚಾಚಾ ನನ್ನ ರಟ್ಟೆ ಹಿಡಿದರು. “ಒಳಗ ಬಾ ಬೇಟಿ... ಬಾಗಲಾ ಹಾಕೋಣು.”

“ಯಾರದು?” ಎಂದು ಕೂಗಿದೆ. ಕೈ ಬಿಡಿಸಿಕೊಂಡು ಓಡಿ ಬ್ಯಾಟರಿ ಬೆಳಕು ಬಿಟ್ಟೆ.

ಅಲ್ಲಿ ಯಾರೂ ಇರಲಿಲ್ಲ.

ಪಾತಿಯಲ್ಲಿ ನೀರು ಏರುತ್ತಿತ್ತು. ನೊರೆ ಸುತ್ತುತ್ತಿತ್ತು. ಮೇಲಿನಿಂದ ಧಾರೆ ಬಿದ್ದರೆ ನೀರಿನಲ್ಲಿ ಗುಳಿ ಬೀಳುತ್ತದಲ್ಲ, ಹಾಗೆ ಒಂದು ಕಡೆ ಗುಳಿ ಬಿದ್ದಿತ್ತು. ಧಾರೆ ಮಾತ್ರ ಕಾಣುತ್ತಿರಲಿಲ್ಲ. ಬೆಳಕನ್ನು ಮೇಲೆ, ಕೆಳಗೆ, ಸುತ್ತ ಆಡಿಸಿದೆ. ಬರೀ ಗಿಡದ ಉಬ್ಬಿದ ಬುಡ.

ವಾಸನೆ ಬೇರೆ. ನಮ್ಮ ಬೋರಿನ ನೀರಿಗೆ ಉಪ್ಪಿನ, ತುಕ್ಕಿನ ವಾಸನೆ. ಇದು ಹೊಳೆ ತುಂಬಿ ಬಂದಾಗಿನ ವಾಸನೆ. ಪಾಚಿ, ಮೀನು, ಹೊಸ ಕೆಸರು... ಭೀಮಾ ಹೊಳೆ ಅಲ್ಲಿಂದ ಎಷ್ಟೋ ದೂರ.

ಗುಳಿ ಮುಚ್ಚಿಕೊಂಡಿತು. ಸದ್ದು ನಿಂತಿತು. ಕೊಡ ತುಂಬಿಸಿಕೊಂಡು ಬರಲು ಬೇಕಾಗುವಷ್ಟು ಹೊತ್ತು ಮೌನ. ಆಮೇಲೆ ಎರಡನೆಯ ಗಿಡದ ಬುಡದಲ್ಲಿ... ಗುಳು ಗುಳು ಗುಳು.

ಹೆದರಿದ್ದೆ. ಇಲ್ಲ ಎನ್ನುವುದಿಲ್ಲ. ಹಿಂದೆ ಚಾಚಾ ಪ್ರಾರ್ಥನೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಆದರೆ ಕಣ್ಣೆದುರಿಗೆ ನನ್ನ ಗಿಡದ ಬೇರು ಮುಳುಗುತ್ತಿತ್ತು. ಎರಡು ವರ್ಷ ಮಕ್ಕಳ ಹಾಗೆ ನೋಡಿಕೊಂಡದ್ದು. ಎಲ್ಲಿತ್ತೋ ಸಿಟ್ಟು, ಹೆದರಿಕೆಯನ್ನು ನೂಕಿಕೊಂಡು ಬಂತು.

“ಸಾಕ್ ಮಾಡ್ರಿ!” ಎಂದು ಚೀರಿದೆ. “ಬೇರು ಕೊಳ್ಯಾಕತ್ತಾವ! ಇದು ಎರಿ ಭೂಮಿ, ನೀರು ಇಂಗಂಗಿಲ್ಲ. ಗಿಡಾ ಸಾಯ್ತಾವ, ಕೇಳಸ್ತೇನು?”

ಸಲಿಕೆ ಎತ್ತಿ ಮೊದಲ ಪಾತಿಯ ಬದು ಕಡಿದೆ, ಸಾಲಿನ ಪಕ್ಕದ ಸಣ್ಣ ಕಾಲುವೆಯ ಕಡೆಗೆ, ಒಂದು ಗೇಣು ಅಗಲ. ನೀರು ಹರಿದು ಹೋಯಿತು. ಎರಡನೆಯದಕ್ಕೆ ಓಡಿ ಅದನ್ನೂ ಕಡಿದೆ. ಅಷ್ಟರಲ್ಲಿ ಸದ್ದು ಮೂರನೆಯದಕ್ಕೆ ಹೋಗಿತ್ತು. ನಾನು ಕಡಿಯುವುದು, ಅದು ಮುಂದೆ ಹೋಗಿ ಸುರಿಯುವುದು. ನಾಲ್ಕು, ಐದು, ಆರು. ಸೀರೆ ಮೊಣಕಾಲವರೆಗೆ ತೊಯ್ದು ಕೆಸರಾಯಿತು. ಅದಕ್ಕೆ ಅವಸರವೇ ಇರಲಿಲ್ಲ. ನನ್ನ ಕೂಗು ಕೇಳಿಸಿದ ಹಾಗೂ ಇರಲಿಲ್ಲ.

ಆರನೆಯದನ್ನು ಕಡಿದವಳೇ ಒಂದೇ ಉಸಿರಿಗೆ ಏಳನೆಯ ಪಾತಿಯೊಳಗೆ ಹೋಗಿ ನಿಂತೆ. ಬೆನ್ನನ್ನು ಗಿಡಕ್ಕೆ ಒತ್ತಿ, ಸಲಿಕೆಯನ್ನು ಮುಂದೆ ನೆಲಕ್ಕೆ ಊರಿದೆ.

“ಹಾಕೂದಿದ್ರ ನನ್ನ ತಲಿ ಮ್ಯಾಲ ಹಾಕ್ರಿ.”

ಬ್ಯಾಟರಿ ಕೈಯಿಂದ ಜಾರಿ ಕೆಸರಿಗೆ ಬಿದ್ದು ಆರಿಹೋಯಿತು.

ಪಾದದ ಮೇಲೆ ನೀರು ಬಿತ್ತು. ಎಲುಬು ಕೊರೆಯುವಷ್ಟು ತಣ್ಣಗೆ. ಒಂದು ಬೊಗಸೆಯಷ್ಟು ಬಿದ್ದು ನಡುವೆಯೇ ನಿಂತಿತು. ಆಮೇಲೆ, ಇಲ್ಲೇ ಎದುರಿಗೆ, ತುಂಬಿದ ಕೊಡವನ್ನು ನೆಲಕ್ಕೆ ಇಳಿಸಿದ ಸದ್ದು. ಧಪ್.

ಹೊಳೆಯ ವಾಸನೆ ಮುಖಕ್ಕೆ ಬಡಿಯಿತು.

ನನ್ನ ಸಲಿಕೆಯನ್ನು ಯಾರೋ ಹಿಡಿದರು.

ಹಿಡಿಕೆಯ ಮೇಲೆ ಭಾರ ಬಂದದ್ದು ಅಂಗೈಗೆ ಗೊತ್ತಾಯಿತು. ಮೆಲ್ಲಗೆ ಎಳೆಯಿತು. ನಾನು ಬಿಡಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಎಳೆಯಿತು. ಹಲ್ಲು ಕಚ್ಚಿ ಎರಡೂ ಕೈಯಿಂದ ಹಿಡಿದೆ. ಏನು ಶಕ್ತಿಯೋ ಅದು, ಎಳೆದಿದ್ದರೆ ನನ್ನನ್ನೂ ಸೇರಿಸಿ ಎಳೆಯಬಹುದಿತ್ತು ಎಂದು ಚೆನ್ನಾಗಿ ಗೊತ್ತಾಗುತ್ತಿತ್ತು. ಎಳೆಯಲಿಲ್ಲ. ಸಲಿಕೆ ಕೊಡು ಎಂದು ಕೇಳುವವರ ಹಾಗೆ ಹಿಡಿದುಕೊಂಡೇ ನಿಂತಿತು.

“ಇದು ನನ್ನ ಸಲಕಿ,” ಎಂದೆ. ದನಿ ನನ್ನದೇ ಎಂದು ನನಗೇ ಅನಿಸಲಿಲ್ಲ. “ಬಿಡ್ರಿ.”

ಎಷ್ಟು ಹೊತ್ತೋ... ಭಾರ ಹೋಯಿತು. ವಾಸನೆಯೂ ಹೋಯಿತು. ದೂರದಲ್ಲಿ ಮತ್ತೆ ನಾಯಿ ಬೊಗಳಿತು.

ಚಾಚಾ ಲಾಟೀನು ಹಿಡಿದು ಬಂದು ನನ್ನನ್ನು ಕೈಹಿಡಿದು ಕರೆದುಕೊಂಡು ಹೋದರು. ಬಾಗಿಲು ಹಾಕಿ, ಸಲಿಕೆ ತೊಡೆಯ ಮೇಲಿಟ್ಟುಕೊಂಡು ಬೆಳಗಿನ ತನಕ ಕುಳಿತೆವು. ಇಬ್ಬರೂ ಕಣ್ಣು ಮುಚ್ಚಲಿಲ್ಲ. ಒಬ್ಬರು ಇನ್ನೊಬ್ಬರನ್ನು ಬಿಟ್ಟು ಎದ್ದು ಹೋಗಲೂ ಇಲ್ಲ.

ಬೆಳಕು ಹರಿದ ಮೇಲೆ ಹೊರಗೆ ಬಂದೆವು. ಏಳನೆಯ ಗಿಡದ ಮುಂದೆ ಕೆಸರಿನಲ್ಲಿ ಕೊಡದ ತಳದ ದುಂಡನೆಯ ಗುರುತು. ಸುತ್ತ ನನ್ನ, ಚಾಚಾನ ಹೆಜ್ಜೆ ಬಿಟ್ಟರೆ ಇನ್ನಾರ ಹೆಜ್ಜೆಯೂ ಇಲ್ಲ.

ಚಾಚಾ ಮುಂದೆ ಹೋಗಿದ್ದರು. ಕಾರಂಜಿಯ ಹತ್ತಿರ ನಿಂತು ಕೈಬೀಸಿದರು. “ಲೀಲವ್ವಾ, ಇಲ್ಲಿ ಬಾ. ಇವನ್ನ ಯಾವಾಗ ಕಡದಿ?”

ಎಂಟನೆಯ ಗಿಡದಿಂದ ಹನ್ನೆರಡನೆಯದರವರೆಗೆ ನಾನು ಕಾಲಿಟ್ಟೇ ಇರಲಿಲ್ಲ. ಐದೂ ಪಾತಿಗಳ ಬದು ಕಡಿದಿತ್ತು. ಕಾಲುವೆಯ ಕಡೆಗೆ. ಒಂದು ಗೇಣು ಅಗಲ. ಮಣ್ಣನ್ನು ಪಕ್ಕಕ್ಕೆ ಒಪ್ಪವಾಗಿ ಒಟ್ಟಿತ್ತು. ಸ್ಟೋರಿನ ಬೀಗ ಹಾಗೇ ಇತ್ತು, ಕೀಲಿ ನನ್ನ ಸೊಂಟದಲ್ಲಿ.

ಆಗ ಅತ್ತುಬಿಟ್ಟೆ ನೋಡಿ. ರಾತ್ರಿ ಬಾರದ ಅಳು ಅದನ್ನು ನೋಡಿ ಬಂತು.

ಸಾವಕಾರರು ಬಂದಾಗ ನಾನು ತಲೆ ತಗ್ಗಿಸಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. “ನಂಬೂದು ಬಿಡೂದು ನಿಮಗ ಬಿಟ್ಟದ್ದು. ಗಿಡಾ ಬದುಕಬೇಕಂದ್ರ ಸಾಲಿನ ಉದ್ದಕ್ಕ ಕಾಲುವಿ ಆಳ ತೋಡಸ್ರಿ, ಮರಳು ತರಸ್ರಿ. ಇಲ್ಲಂದ್ರ ನಾ ಈಗ ಹೊಂಟೆ. ಆದ್ರ ಲೀಲಾ ಗಿಡಾ ಕೊಂದ್ಳು ಅಂತ ಒಂದು ಮಾತು ಹೊರಗ ಬರಬಾರ್ದು.”

ಅವರು ಚಾಚಾನ ಮುಖ ನೋಡಿದರು. ಮೋಟಾರು ಕೋಣೆಗೆ ಹೋಗಿ ತಾವೇ ಬೀಗ ತೆಗೆದು ನೋಡಿದರು. ಪಾತಿಯಲ್ಲಿ ಉಳಿದಿದ್ದ ನೀರಿನಲ್ಲಿ ಬೆರಳು ಅದ್ದಿ ಮೂಸಿದರು. ಮರುದಿನ ಕಾಲುವೆ ತೋಡುವವರು ಬಂದರು.

ಮೂರು ಪಾಮ್ ಸತ್ತವು, ಒಂಬತ್ತು ಉಳಿದವು. ರಾತ್ರಿಯ ನೀರು ಮತ್ತೆ ಬರಲಿಲ್ಲ. ಅದು ಯಾರು, ಎಲ್ಲಿಯದು ಎಂದು ಊರಲ್ಲಿ ವಿಚಾರಿಸಿದೆ. ಅಲ್ಲಿ ಸತ್ತವರಿಲ್ಲ, ಹೂಳಿದವರಿಲ್ಲ, ಹಳೆಯ ಬಾವಿಯಿಲ್ಲ. ತೊಗರಿ ಬೆಳೆಯುತ್ತಿದ್ದ ಖಾಲಿ ಹೊಲ, ಅಷ್ಟೆ.

ಮುಂದಿನ ಬೇಸಿಗೆ ಬೋರು ಬತ್ತಿತು. ಹೆಲಿಕೋನಿಯ ಸುಟ್ಟು ಮಲಗಿತು, ಪಾಮ್ ಗರಿಗಳ ತುದಿ ಕಂದಿದವು. ಒಂದು ಸಂಜೆ ಚಾಚಾ ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಹೇಳಿದರು.

“ನಿನ್ನ ಮಾತು ಕೇಳತಾದ ಅದು. ಈಗ ಹಾಕು ಅಂತ ಹೇಳಿ ನೋಡು ಬೇಟಿ.”

ಏಳನೆಯ ಗಿಡದ ಹತ್ತಿರ ಹೋಗಿ ನಿಂತೆ. ಕತ್ತಲಾಗುತ್ತಿತ್ತು. ಗಿಡಗಳು ಸಾಯುತ್ತಿದ್ದವು, ಒಂದೇ ಮಾತು ಸಾಕಿತ್ತು. ಬಾಯಿ ತೆರೆದೆ ಕೂಡ...

ಬೇಡವೆಂದಾಗ ನಿಲ್ಲಿಸಿದ್ದು ನಿಜ. ಆದರೆ ನಾನೇ ಕರೆದ ಮೇಲೆ ನಿಲ್ಲಿಸೆಂದರೆ ಅದು ಕೇಳುತ್ತದೆಯೇ? ಕೇಳದಿದ್ದರೆ?

ಬಾಯಿ ಮುಚ್ಚಿಕೊಂಡು ತಿರುಗಿ ಬಂದೆ. “ನಾ ಕೇಳಂಗಿಲ್ಲ ಚಾಚಾ,” ಎಂದೆ. “ಟ್ಯಾಂಕರ್‌ದಾವರಿಗೆ ಹೇಳಿ ಕಳಸ್ರಿ.”

ಬೆನ್ನ ಹಿಂದೆ ಗರಿಗಳು ಸರಸರ ಎಂದವು. ಗಾಳಿ ಇತ್ತೋ ಇರಲಿಲ್ಲವೋ, ತಿರುಗಿ ನೋಡಲಿಲ್ಲ.