ನಡುಕದ ಲೆಕ್ಕ ಇಡುವ ಸೊಸೆ

ನನ್ನ ಸೊಸೆಗೆ ಒಂದು ಅಭ್ಯಾಸ. ಲೆಕ್ಕ ಕೈಕೊಟ್ಟಾಗ ಅದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಬೇಕು. ಹಗಲು ಮನೆಯಲ್ಲಿ ಅವಳ ಜೊತೆಗಿರುವುದು ನಾನೊಬ್ಬಳೇ, ಹಾಗಾಗಿ ಆ ಭಾಗ್ಯ ನನ್ನದು. ಮೇಜಿನ ಒಂದು ತುದಿಯಲ್ಲಿ ಅವಳ ಕಂಪ್ಯೂಟರ್, ಇನ್ನೊಂದು ತುದಿಯಲ್ಲಿ ನಾನು ಸುಲಿಯುವ ಬಟಾಣಿ. "ಅತ್ತೆ, ಸುಮ್ನೆ ಹೂಂ ಅನ್ನಿ ಸಾಕು" ಎನ್ನುತ್ತಾಳೆ. ಹೂಂ ಅನ್ನುವುದಕ್ಕೆ ಓದೇನೂ ಬೇಕಿಲ್ಲ.

ಅವಳ ಕೆಲಸ ಭೂಕಂಪದ ಕಚೇರಿಯದು, ಮಾಡುವುದು ಮನೆಯಿಂದಲೇ. ವರ್ಷ ವರ್ಷ ಮುಂದುವರಿಸುವ ಕೆಲಸ, ಕಾಯಂ ಅಲ್ಲ. ನಮ್ಮಲ್ಲಿ ಆಗೀಗ ಪಾತ್ರೆ ಗಲಗಲ ಎನ್ನುವಷ್ಟು ನೆಲ ನಡುಗುತ್ತದೆ. ಆಗೆಲ್ಲ ಬೀದಿಯವರು ಬಂದು ಇವಳನ್ನೇ ವಿಚಾರಿಸುತ್ತಾರೆ, ಇವಳೇ ಅಲ್ಲಾಡಿಸಿದಳೇನೋ ಎಂಬಂತೆ. "ನಡುಕದಮ್ಮ" ಎಂದು ಹೆಸರಿಟ್ಟಿದ್ದಾರೆ. ಇವಳು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್ಲಿ ಭೂಮಿ ನಡುಗಿದರೂ ದಾಖಲೆ ಇಟ್ಟುಕೊಳ್ಳುವ ವೆಬ್‌ಸೈಟ್ ಒಂದಿದೆಯಂತೆ. ಯಾವ ತಾರೀಖಿನಿಂದ ಯಾವ ತಾರೀಖು, ಯಾವ ಪ್ರದೇಶ ಎಂದು ಇವಳು ಕೋಡ್ ಬರೆದು ಕೇಳುತ್ತಾಳೆ. ಹೊತ್ತು, ಜಾಗ, ಆಳ, ಎಷ್ಟು ದೊಡ್ಡದು ಎಂದು ಅದು ಸಾಲುಸಾಲಾಗಿ ಕೊಡುತ್ತದೆ. ಎಲ್ಲ ವರ್ಷದ್ದನ್ನೂ ಒಟ್ಟಿಗೆ ಕೇಳಿದರೆ ಕೊಡುವುದಿಲ್ಲ. "ಅಷ್ಟೊಂದು ಬಾಚಿಕೊಳ್ಳೋಕೆ ಬಿಡಲ್ಲ ಅತ್ತೆ" ಎಂದು ತಿಂಗಳು ತಿಂಗಳಾಗಿ ಕೇಳುವಂತೆ ಬರೆದಳು. ಒಂದು ತಿಂಗಳಿನದು ಬಂದ ಮೇಲೆ ತುಸು ತಡೆದು ಮುಂದಿನದು. ಕೇಳುವುದರಲ್ಲೂ ಮರ್ಯಾದೆ ಇರಬೇಕಂತೆ.

ಹೀಗೆ ತರಿಸಿ ಎಣಿಸಿದಾಗ ನಮ್ಮ ಸುತ್ತಿನ ನಡುಕ ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ಕಾಣಿಸಿತು. ಚಿತ್ರ ಬಿಡಿಸಿದರೆ ಮೆಟ್ಟಿಲಿನ ಹಾಗೆ. ಉತ್ಸಾಹದಲ್ಲಿ ಮೇಲಧಿಕಾರಿಗೆ ಹೇಳಿಬಿಟ್ಟಳು. ಅವರು ಮೆಚ್ಚಿಕೊಂಡರು, ಇಳಿಜಾರಿನಲ್ಲಿರುವ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಊರಾಚೆಯ ಶಾಲೆಗೆ ಕಳಿಸಬೇಕೆಂದು ಸಭೆಯನ್ನೂ ಕರೆದರು. ಇವಳ ಕೆಲಸ ಕಾಯಂ ಮಾಡುವ ಮಾತೂ ಬಂತು.

ಸಭೆಯ ಹಿಂದಿನ ದಿನ ಚಿತ್ರಕ್ಕೆ ಬಣ್ಣ ಕೊಡಲೆಂದು ದೊಡ್ಡ ನಡುಕ, ಸಣ್ಣ ನಡುಕ ಬೇರೆ ಬೇರೆ ಮಾಡುತ್ತಿದ್ದವಳು ತಟ್ಟನೆ ಕುರ್ಚಿ ನನ್ನ ಕಡೆ ತಿರುಗಿಸಿದಳು.

"ಅತ್ತೆ, ಪಾತ್ರೆ ಅಲ್ಲಾಡೋ ಅಂಥ ನಡುಕ ಇವು. ಆಗಲೂ ಇಷ್ಟೇ, ಈಗಲೂ ಇಷ್ಟೇ."

"ಹೂಂ."

"ಜಾಸ್ತಿ ಆಗಿರೋದೆಲ್ಲ ಚಿಕ್ಕವು. ಯಾರಿಗೂ ಗೊತ್ತೇ ಆಗದೇ ಇರೋವು."

"ಹೂಂ."

"ದೊಡ್ಡವು ಹಾಗೇ ಇದ್ದು ಚಿಕ್ಕವು ಮಾತ್ರ ಯಾಕೆ ಏರಬೇಕು? ಅದೂ ಹೊಸ ಯಂತ್ರ ಇಟ್ಟ ವರ್ಷದಿಂದ... ಅಯ್ಯೋ!"

"ಯಾಕೆ, ಹಾಲು ಉಕ್ಕಿತಾ?"

"ಹಾಲಲ್ಲ ಅತ್ತೆ, ನನ್ನ ಮಾನ."

ಮೊದಲು ನಡುಕ ಅಳೆಯುವ ಯಂತ್ರ ಇದ್ದದ್ದು ಬೆಟ್ಟದಾಚೆ ಒಂದೇ. ಆಮೇಲೆ ಒಂದೊಂದಾಗಿ ಊರ ಸುತ್ತಲೂ ಹೊಸ ಯಂತ್ರ ಇಟ್ಟರು. ಹಳೆಯದಕ್ಕೆ ಸಿಗದ ಸಣ್ಣ ಸಣ್ಣ ನಡುಕವೂ ಈಗ ದಾಖಲೆಗೆ ಬೀಳುತ್ತದೆ. "ಭೂಮಿ ಜಾಸ್ತಿ ನಡುಗ್ತಿಲ್ಲ. ನಮಗೆ ಕೇಳಿಸೋದು ಜಾಸ್ತಿ ಆಗಿದೆ. ನಾನು ಎಲ್ಲ ಸೇರಿಸಿ ಎಣಿಸಿಬಿಟ್ಟೆ" ಎಂದಳು. ಹಳೆಯ ಯಂತ್ರಕ್ಕೆ ಸಿಗುವಷ್ಟು ದೊಡ್ಡವನ್ನು ಮಾತ್ರ ಇಟ್ಟುಕೊಂಡು ಮತ್ತೆ ಎಣಿಸಿದಳು. ಮೆಟ್ಟಿಲು ಹೋಗಿ ಚಾವಡಿಯ ನೆಲದಷ್ಟು ಸಮವಾಯಿತು.

ನನ್ನ ಮಗ ವರ್ಕ್‌ಶಾಪಿನಿಂದ ಬಂದು ಕೈಯ ಗ್ರೀಸ್ ತೊಳೆಯುತ್ತಾ ಎಲ್ಲ ಕೇಳಿದ. "ಬಾಯಿ ಮುಚ್ಕೊಂಡಿರು ಮಾರಾಯ್ತಿ. ಶಾಲೆ ಮುಚ್ಚಿದ್ರೆ ಯಾರಿಗೇನು ನಷ್ಟ? ಎಚ್ಚರಿಕೆ ಒಳ್ಳೇದೇ ಅಲ್ವಾ?"

"ರೀ, ಎಚ್ಚರಿಕೆ ಬೇಕಂದ್ರೆ ಎಂಜಿನಿಯರ್ ಬಂದು ಗೋಡೆ, ಕಂಬ ನೋಡ್ಲಿ. ನನ್ನ ತಪ್ಪು ಲೆಕ್ಕ ನಂಬಿ ಪುಟ್ಟ ಮಕ್ಕಳು ಹೆದ್ದಾರಿ ದಾಟಿ ಯಾಕೆ ಹೋಗ್ಬೇಕು?"

"ಹಾಗಾದ್ರೆ ನಿನ್ನ ಕೆಲಸ ಕಾಯಂ ಆದ ಹಾಗೇ!"

"ಅದಕ್ಕೇ ಹೊಟ್ಟೆ ಉರೀತಿರೋದು" ಎಂದು ಫೋನ್ ಎತ್ತಿಕೊಂಡಳು. ಮೇಲಧಿಕಾರಿಯ ದನಿ ನನಗೂ ಕೇಳಿಸುವಷ್ಟು ಏರಿತು. "ಏನಮ್ಮಾ, ಏರ್ತಿದೆ ಅಂದಿದ್ದು ನೀವೇ ತಾನೇ?"

"ನಾನೇ ಸರ್. ತಪ್ಪೂ ನಂದೇ. ನಾಳೆ ಎರಡು ಚಿತ್ರಾನೂ ತೋರಿಸ್ತೀನಿ."

ತೋರಿಸಿದಳು. ಸಭೆ ಮುಗಿಸಿ ಬಂದವಳು ಚಪ್ಪಲಿ ಬಿಟ್ಟು ಗೋಡೆಗೊರಗಿ ಕುಳಿತಳು. ಶಾಲೆ ಇದ್ದಲ್ಲೇ ಇರುತ್ತದೆ. ರಜೆಯಲ್ಲಿ ಕಟ್ಟಡದ ತಪಾಸಣೆ. ಕಾಯಂ ಮಾಡುವ ಮಾತನ್ನು ಮೇಲಧಿಕಾರಿ ಎತ್ತಲೇ ಇಲ್ಲ. ಇನ್ನೊಂದು ವರ್ಷ ಮುಂದುವರಿಸುತ್ತೇವೆ ಎಂದರಂತೆ.

"ಅತ್ತೆ, ಒಬ್ಬ ತಾಯಿ ಎದ್ದು ನಿಂತು, ಹಾಗಾದ್ರೆ ದೊಡ್ಡದು ಬರೋದೇ ಇಲ್ವಾ ಅಂದ್ಲು."

"ನೀನೇನಂದೆ?"

"ಅದು ನಂಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಅಂದೆ."

ಮಗ ನಕ್ಕ. "ಗೊತ್ತಿಲ್ಲ ಅನ್ನೋಕೂ ಸಂಬಳ ಕೊಡ್ತಾರಾ?"

"ಈ ವರ್ಷ ಕೊಡ್ತಾರೆ. ಮುಂದಿನ ವರ್ಷದ್ದು ಗೊತ್ತಿಲ್ಲ" ಎಂದು ಅವಳೂ ನಕ್ಕು, ಊಟಕ್ಕೆ ತಟ್ಟೆ ಹಾಕಲು ಎದ್ದಳು.